ಮೂಗಿನ ರಕ್ತವೆಲ್ಲ ಉಷ್ಣವಲ್ಲ

ಹುಡುಗನ ಮೂಗಿನಿಂದ ರಕ್ತ ಸೋರಿತೆಂದರೆ ನಮ್ಮ ಮನೆಗಳಲ್ಲಿ ಒಡನೆಯೇ ತೀರ್ಪು ಹೊರಡುತ್ತದೆ: “ಉಷ್ಣವಾಗಿದೆ.” ನೆತ್ತಿಗೆ ಹರಳೆಣ್ಣೆ, ಕುಡಿಯಲು ಎಳನೀರು. ಬಹುಮಟ್ಟಿಗೆ ಹಾನಿಯೇನೂ ಆಗದು. ಮೂಗಿನ ಮುಂಭಾಗದ ಸಣ್ಣ ನಾಳ ಒಡೆದು ಬರುವ ರಕ್ತ ಸಾಮಾನ್ಯವಾಗಿ ಬೇಗನೆ ನಿಲ್ಲುವಂಥದು.

ನನ್ನ ವಿದ್ಯಾರ್ಥಿಯೊಬ್ಬನ ವಿಷಯದಲ್ಲಿ ಈ ತೀರ್ಪು ವರ್ಷವಿಡೀ ನಡೆಯಿತು. ಹದಿನಾರರ ಹುಡುಗ. ರಕ್ತ ಬರುತ್ತಿದ್ದುದು ಸದಾ ಎಡ ಹೊಳ್ಳೆಯಿಂದಲೇ. ಆ ಹೊಳ್ಳೆ ಕಟ್ಟಿಕೊಂಡು, ಪದ್ಯ ಓದುವಾಗ ಅವನ ದನಿ ನೆಗಡಿ ಹಿಡಿದವರ ದನಿಯಂತಿರುತ್ತಿತ್ತು. “ಇನ್ನೂ ನೆಗಡಿಯೇನಯ್ಯ?” ಎಂದು ಕೇಳಿ ಸುಮ್ಮನಾದವರಲ್ಲಿ ನಾನೂ ಒಬ್ಬ. ಕೊನೆಗೆ ಕಿವಿ-ಮೂಗು-ಗಂಟಲಿನ ತಜ್ಞರು ಹೇಳಿದ ಹೆಸರು ಆಂಜಿಯೋಫೈಬ್ರೋಮ.

ಮೂಗಿನ ಹಿಂಬದಿಯು ಗಂಟಲಿನ ಮೇಲ್ಭಾಗವನ್ನು ಕೂಡುವೆಡೆಯಲ್ಲಿ ಬೆಳೆಯುವ, ರಕ್ತನಾಳಗಳೂ ನಾರುಗಳೂ ಹೆಣೆದುಕೊಂಡ ಗೆಡ್ಡೆ ಇದು. ಬಹು ವಿರಳ; ಬರುವುದು ಹೆಚ್ಚುಕಡಿಮೆ ಹುಡುಗರಿಗೇ, ಅದೂ ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ.

“ಸೌಮ್ಯ ಗೆಡ್ಡೆ” ಎಂದರು ತಜ್ಞರು. ಭಾಷೆ ಕಲಿಸುವ ನನಗೆ ಆ ಮಾತಿನಿಂದ ಸಮಾಧಾನವಾಯಿತು. ಆದರೆ ವೈದ್ಯರ ನಿಘಂಟಿನಲ್ಲಿ ಸೌಮ್ಯವೆಂದರೆ ಕ್ಯಾನ್ಸರ್ ಅಲ್ಲ ಎಂದಷ್ಟೇ ಅರ್ಥ, ಸಾಧುವೆಂದಲ್ಲ. ಈ ಗೆಡ್ಡೆ ಸುತ್ತಣ ಎಲುಬನ್ನು ಸವೆಸುತ್ತ ಕೆನ್ನೆಗೆ, ಕಣ್ಣಿನ ಗೂಡಿಗೆ, ಒಮ್ಮೊಮ್ಮೆ ತಲೆಬುರುಡೆಯೊಳಕ್ಕೂ ನುಗ್ಗಬಲ್ಲುದು. ಅದರ ರಕ್ತನಾಳಗಳಿಗೆ ಕುಗ್ಗಿ ಮುಚ್ಚಿಕೊಳ್ಳಬಲ್ಲ ಸ್ನಾಯುವಿನ ಹೊದಿಕೆಯಿಲ್ಲ. ಗಾಯವಾದರೆ ರಕ್ತ ಧಾರೆಯಾಗಿ ಹರಿಯುತ್ತದೆ. ಆದಕಾರಣ ಪರೀಕ್ಷೆಗೆಂದು ಒಂದು ಚೂರು ಕತ್ತರಿಸುವುದೂ ಅಪಾಯವೇ. ಸಿ.ಟಿ., ಎಂ.ಆರ್.ಐ. ಚಿತ್ರಗಳಿಂದಲೇ ಅದನ್ನು ಗುರುತಿಸುತ್ತಾರೆ.

ಚಿಕಿತ್ಸೆ ಶಸ್ತ್ರಕ್ರಿಯೆ. ಅದಕ್ಕೆ ಒಂದೆರಡು ದಿನ ಮುಂಚೆ, ಗೆಡ್ಡೆಗೆ ರಕ್ತವನ್ನೊದಗಿಸುವ ನಾಳದೊಳಕ್ಕೆ ಸಣ್ಣ ಕೊಳವೆಯನ್ನು ತೂರಿಸಿ ಆ ಹರಿವನ್ನು ಕಟ್ಟುವುದುಂಟು. ಈಗ ಅನೇಕರಿಗೆ ಮುಖದ ಮೇಲೆ ಗಾಯವೇ ಇಲ್ಲದೆ, ಹೊಳ್ಳೆಯ ಮೂಲಕವೇ ಎಂಡೋಸ್ಕೋಪಿನಿಂದ ಗೆಡ್ಡೆಯನ್ನು ತೆಗೆಯುತ್ತಾರೆ. ಅಳಿದುಳಿದ ಚೂರು ಮತ್ತೆ ಬೆಳೆಯಬಹುದಾದ್ದರಿಂದ ಕೆಲವು ವರ್ಷ ತಪಾಸಣೆ ತಪ್ಪದು.

ನಮ್ಮ ಹುಡುಗ ಎರಡು ತಿಂಗಳಲ್ಲಿ ತರಗತಿಗೆ ಮರಳಿದ. ಎದ್ದುನಿಂತು ಪದ್ಯ ಓದಿದಾಗ, ಅವನ ನಿಜವಾದ ದನಿಯನ್ನು ನಾನು ಅಂದೇ ಮೊದಲು ಕೇಳಿದ್ದೆಂದು ಹೊಳೆದು ನಾಚಿಕೆಯಾಯಿತು.

ತಂದೆತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೆ. ರಕ್ತ ಬಂದಾಗ ಮಗುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಒಂದೇ ಹೊಳ್ಳೆ ಕಟ್ಟಿ, ಅದರಿಂದಲೇ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ತಜ್ಞರಿಗೆ ತೋರಿಸಿ. ಎಳನೀರು ಬೇಡವೆನ್ನುವುದಿಲ್ಲ, ದಾರಿಯಲ್ಲಿ ಕುಡಿಸಿದರಾಯಿತು.