ಆ್ಯಪ್ ಬಿಡಿ, ಅಂಗಡಿ ಯಾವುದು?

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ನೆರೆಹೊರೆಯವರಲ್ಲಿ ಒಂದು ಮನವಿ.

ಮೊಬೈಲಿನಲ್ಲಿ ಮಾತ್ರೆ ತರಿಸಬೇಡಿ ಎಂದು ಹೇಳಲು ಬಂದಿಲ್ಲ. ಸಂಜೆ ಆರರ ಮೇಲೆ ಹೆಬ್ಬಾಳದ ಫ್ಲೈಓವರ್ ದಾಟಿ, ಒಂದು ಸ್ಟ್ರಿಪ್ ಬಿಪಿ ಮಾತ್ರೆ ತಂದುಕೊಳ್ಳಿ ಎಂದು ಮಂಡಿನೋವಿನ ಹಿರಿಯರಿಗೆ ಯಾವ ಬಾಯಲ್ಲಿ ಹೇಳುವುದು? ತರಿಸಿಕೊಳ್ಳಿ. ಆದರೆ ಆರ್ಡರ್ ಹಾಕುವ ಮುಂಚೆ ಒಮ್ಮೆ, ಪೊಟ್ಟಣ ಕೈಗೆ ಬಂದ ಮೇಲೆ ಇನ್ನೊಮ್ಮೆ, ಒಂದೇ ಪ್ರಶ್ನೆ ಕೇಳಿ: ಇದನ್ನು ಮಾರಿದ ಅಂಗಡಿ ಯಾವುದು?

ಈ ಪ್ರಶ್ನೆಗೆ ಕಾರಣವಿದೆ. ನಮ್ಮಲ್ಲಿ ಔಷಧ ಮಾರುವ ಲೈಸೆನ್ಸ್ ಸಿಗುವುದು 1940ರ ಕಾಯ್ದೆ ಮತ್ತು 1945ರ ನಿಯಮಗಳ ಅಡಿಯಲ್ಲಿ. ಅವನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಗಾಜಿನ ಬೀರು, ಕೌಂಟರ್, ಅದರ ಹಿಂದೆ ನಿಂತ ಫಾರ್ಮಸಿಸ್ಟ್. ಆನ್‌ಲೈನ್ ಮಾರಾಟಕ್ಕೇ ಪ್ರತ್ಯೇಕವಾದ ಕರಡು ನಿಯಮಗಳನ್ನು ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಕರಡು ಕರಡಾಗಿಯೇ ಕೂತಿತು. ಅದೇ ಡಿಸೆಂಬರ್‌ನಲ್ಲಿ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟಕ್ಕೆ ದೆಹಲಿ ಹೈಕೋರ್ಟ್ ತಡೆ ಹಾಕಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ, ಲೈಸೆನ್ಸ್ ಇರುವ ಚಿಲ್ಲರೆ ಅಂಗಡಿಯವರು ಮನೆಬಾಗಿಲಿಗೆ ಔಷಧ ಮುಟ್ಟಿಸಬಹುದು ಎಂಬ ಅಧಿಸೂಚನೆ ಹೊರಬಿತ್ತು. ಅಮೆಜಾನ್ ಭಾರತದಲ್ಲಿ ಔಷಧ ಮಾರಾಟವನ್ನು ಮೊದಲು ಶುರುಮಾಡಿದ್ದು ಆ ವರ್ಷದ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿನಲ್ಲೇ. 2023ರ ಫೆಬ್ರವರಿಯಲ್ಲಿ ದೇಶದ ಔಷಧ ನಿಯಂತ್ರಕರು ಆನ್‌ಲೈನ್ ಕಂಪನಿಗಳಿಗೆ ನೋಟಿಸ್ ಕೊಟ್ಟರು. ಈ ಎಳೆದಾಟದ ನಡುವೆ ಬದಲಾಗದೆ ಉಳಿದದ್ದು ಒಂದೇ: ಲೈಸೆನ್ಸ್ ಇರುವುದು ಅಂಗಡಿಗೆ. ಆ್ಯಪ್ ಎಷ್ಟೇ ದೊಡ್ಡ ಹೆಸರಿನದಾಗಲಿ, ಹೆಚ್ಚಿನ ಸಲ ಅದು ನಡುವಿನವರ ಕೆಲಸ ಮಾಡುತ್ತದೆ. ಮಾತ್ರೆ ಕೊಟ್ಟದ್ದಕ್ಕೆ ಕಾನೂನಿನ ಮುಂದೆ ಜವಾಬು ಹೇಳಬೇಕಾದವರು ಬಿಲ್ಲಿನಲ್ಲಿ ಹೆಸರಿರುವವರು.

ಆದ್ದರಿಂದ ಬಿಲ್ ನೋಡಿ. ರಿಯಾಯಿತಿ ಎಷ್ಟು ಸಿಕ್ಕಿತು ಎಂಬುದನ್ನು ಎಲ್ಲರೂ ನೋಡುತ್ತಾರೆ. ಮೇಲ್ಗಡೆ ಸಣ್ಣ ಅಕ್ಷರದಲ್ಲಿರುವುದನ್ನು ಓದುವವರು ಕಡಿಮೆ. ಮಾರಿದ ಅಂಗಡಿಯ ಹೆಸರು, ಪೂರ್ತಿ ವಿಳಾಸ, ಡ್ರಗ್ ಲೈಸೆನ್ಸ್ ನಂಬರ್ ಅಲ್ಲಿರಬೇಕು. ಮಾತ್ರೆಯ ಹೆಸರಿನ ಪಕ್ಕದಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರಬೇಕು. ಸ್ಟ್ರಿಪ್ ಕೈಯಲ್ಲಿ ಹಿಡಿದು ಬ್ಯಾಚ್ ನಂಬರ್ ತಾಳೆ ನೋಡಿ. ಒಂದು ನಿಮಿಷದ ಕೆಲಸ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳಿಗೆ 2023ರ ಆಗಸ್ಟ್‌ನಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ತಯಾರಕರ ಹೆಸರು, ಬ್ಯಾಚ್, ತಾರೀಖು ಬರುತ್ತವೆ. ಕೋಡನ್ನೂ ನಕಲು ಮಾಡುವವರು ಇರಬಹುದು, ಹಾಗಾಗಿ ಸ್ಕ್ಯಾನ್ ಆಯಿತು ಎಂದು ನಿಶ್ಚಿಂತರಾಗದೆ ಬಂದ ವಿವರವನ್ನು ಸ್ಟ್ರಿಪ್ಪಿನ ಮೇಲಿರುವುದರ ಜೊತೆ ಹೋಲಿಸಿ. ಬಿಲ್ಲೇ ಬರದಿದ್ದರೆ? ಮಾತ್ರೆ ಬಾಯಿಗೆ ಹಾಕಬೇಡಿ.

ಬ್ಯಾಚ್ ನಂಬರಿಗೆ ಇಷ್ಟೊಂದು ಒತ್ತೇಕೆ ಎಂದರೆ, 2025ರ ಅಕ್ಟೋಬರ್ ನೆನಪಿಸಿಕೊಳ್ಳಿ. ಮಧ್ಯಪ್ರದೇಶದ ಛಿಂದ್ವಾಡದ ಮಕ್ಕಳ ಸಾವಿಗೆ ಕಾರಣವಾದ ಕೋಲ್ಡ್‌ರಿಫ್ ಕೆಮ್ಮಿನ ಸಿರಪ್‌ನ ಎಸ್‌ಆರ್-13 ಎಂಬ ಬ್ಯಾಚಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಅದಕ್ಕೂ ಮೊದಲು, 2024ರ ನವೆಂಬರ್‌ನಲ್ಲಿ, ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಬೊಟ್ಟು ಹೋದದ್ದು ಅವರಿಗೆ ಹಾಕಿದ ಐವಿ ದ್ರಾವಣದ ಕಡೆಗೆ. ಇವೆರಡೂ ಆನ್‌ಲೈನ್ ಖರೀದಿಯ ಕಥೆಗಳಲ್ಲ, ಹೌದು. ಬೀದಿಯ ಅಂಗಡಿ, ಸರ್ಕಾರಿ ಆಸ್ಪತ್ರೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಹುದು ಎಂದು ನಾನೂ ಹೇಳಲಾರೆ. ಆದರೆ ಇಂಥ ಸುದ್ದಿ ಬಂದ ದಿನ ಮನೆಯ ಡಬ್ಬಿಯಲ್ಲಿರುವುದು ಅದೇ ಬ್ಯಾಚೋ ಅಲ್ಲವೋ ನೋಡಲು, ಹೌದಾದರೆ ಯಾರಿಗೆ ವಾಪಸ್ ಕೊಡಬೇಕೆಂದು ತಿಳಿಯಲು ಬಿಲ್ ಬೇಕು. ಔಷಧ ಮುಗಿಯುವ ತನಕ ಅದನ್ನು ಎಸೆಯಬೇಡಿ.

ಇನ್ನು ಡಾಕ್ಟರ ಚೀಟಿಯ ವಿಷಯ. ಇಲ್ಲಿ ತಪ್ಪು ಮಾರುವವರದಷ್ಟೇ ಅಲ್ಲ, ನಮ್ಮದೂ ಹೌದು. ಚೀಟಿ ಕೇಳಿದ ಅಂಗಡಿಯವನ ಮೇಲೆ ರೇಗುತ್ತೇವೆ, ಕೇಳದ ಆ್ಯಪ್‌ಗೆ ಐದು ಸ್ಟಾರ್ ಕೊಡುತ್ತೇವೆ! ಪೊಟ್ಟಣದ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಮಾರಬಾರದ್ದು. ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್, ನಿದ್ದೆಗೆಂದು ನುಂಗುವ ಆಲ್‌ಪ್ರಜೋಲಾಮ್ ಮುಂತಾದವು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1ರಲ್ಲಿವೆ. ಇವನ್ನು ಮಾರುವಾಗ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಲಾಕ್‌ಡೌನ್ ಕಾಲದ ಅಧಿಸೂಚನೆ ಕೂಡ ಇವನ್ನು ಮನೆಬಾಗಿಲ ವಿತರಣೆಯಿಂದ ಹೊರಗಿಟ್ಟಿತ್ತು. ಹೀಗಿರುವಾಗ ಒಂದು ಬಟನ್ ಒತ್ತಿದ್ದಕ್ಕೆ ನಿದ್ದೆ ಮಾತ್ರೆ ಮನೆಗೆ ಬಂದರೆ ಅದನ್ನು ಸೌಲಭ್ಯ ಎನ್ನಬೇಡಿ.

‘ಚೀಟಿ ಇಲ್ಲವೇ? ನಮ್ಮ ಡಾಕ್ಟರ್ ಫೋನ್ ಮಾಡುತ್ತಾರೆ’ ಎಂಬ ಏರ್ಪಾಡೂ ಇದೆ. ಫೋನಿನಲ್ಲಿ ವೈದ್ಯಕೀಯ ಸಲಹೆ ಕೊಡಲು 2020ರ ಮಾರ್ಗಸೂಚಿಯೇ ಅವಕಾಶ ಕೊಟ್ಟಿದೆ, ಅದರಲ್ಲಿ ತಪ್ಪಿಲ್ಲ. ಆದರೆ ಮಾತಾಡುವವರು ತಮ್ಮ ಹೆಸರು ಹೇಳಬೇಕು, ಬರೆದುಕೊಡುವ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ಅರ್ಧ ನಿಮಿಷದಲ್ಲಿ ‘ಅಲರ್ಜಿ ಇದೆಯಾ, ಇಲ್ಲ ತಾನೇ’ ಎಂದು ಮುಗಿಸುವ ಕರೆಯನ್ನು ನಾನು ತಪಾಸಣೆ ಎನ್ನುವುದಿಲ್ಲ. ಬೇರೆ ಏನೇನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮಾರಾಟಗಾರರಿಂದ ಮಾತ್ರ ಪೂರ್ತಿ ದೂರವಿರಿ. ಅಲ್ಲಿ ಅಂಗಡಿಯೂ ಇಲ್ಲ, ಬಿಲ್ಲೂ ಇಲ್ಲ. ತೂಕ ಇಳಿಸುವ ಇಂಜೆಕ್ಷನ್‌ಗಳ ಹುಚ್ಚು ಈಗ ಜೋರಾಗಿದೆ. ಓಜೆಂಪಿಕ್‌ನ ನಕಲಿ ಬ್ಯಾಚುಗಳು ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಸಿಕ್ಕಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ಎಚ್ಚರಿಸಿತ್ತು. ‘ಶುಗರ್ ಬುಡಸಮೇತ ವಾಸಿ’ ಎನ್ನುವವರಿಗಂತೂ 1954ರ ಕಾಯ್ದೆಯೇ ಇದೆ, ಹಾಗೆ ಜಾಹೀರಾತು ಕೊಡುವುದೇ ಅಪರಾಧ. ಖರ್ಚು ತಗ್ಗಿಸುವುದೇ ನಿಮ್ಮ ಉದ್ದೇಶವಾದರೆ ಜನೌಷಧಿ ಕೇಂದ್ರಗಳಿವೆ. ಹತ್ತಿರದ್ದು ಯಾವುದು, ಬೆಲೆ ಎಷ್ಟು ಎಂದು ‘ಜನೌಷಧಿ ಸುಗಮ್’ ಆ್ಯಪ್ ತೋರಿಸುತ್ತದೆ.

ಹೆಬ್ಬಾಳ, ಯಶವಂತಪುರದ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಮನೆಯವರಿಗೆ ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಬಯಲಿಗೆಳೆದ ಜಾಲ ಲಕ್ಷಗಟ್ಟಲೆ ಬೆಲೆಯ ಇಂಜೆಕ್ಷನ್‌ಗಳ ಖಾಲಿ ಸೀಸೆ ಕೊಂಡು, ಅದರಲ್ಲಿ ಶಿಲೀಂಧ್ರದ ಸೋಂಕಿಗೆ ಕೊಡುವ ಅಗ್ಗದ ಔಷಧ ತುಂಬಿ ಮಾರುತ್ತಿತ್ತು. ಸೀಸೆ ಅಸಲಿ, ಲೇಬಲ್ ಅಸಲಿ, ಒಳಗಿರುವುದಷ್ಟೇ ನಕಲಿ. ಇಂಥ ಔಷಧವನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ಯಾರೇ ಹೇಳಿದರೂ ಆಸ್ಪತ್ರೆಯ ಫಾರ್ಮಸಿಯನ್ನು ಕೇಳದೆ ಕೊಳ್ಳಬೇಡಿ. ಮುಗಿದ ಸೀಸೆಯ ಲೇಬಲ್ ಹರಿದುಹಾಕಿಸಿ, ಡಬ್ಬವನ್ನೂ ಹರಿದುಬಿಡಿ.

ಹೊರದೇಶದಲ್ಲಿರುವ ಮಕ್ಕಳೂ ಇದನ್ನು ಓದಲಿ. ನ್ಯೂಜೆರ್ಸಿಯಲ್ಲಿ ಕೂತು ಯಲಹಂಕ ನ್ಯೂ ಟೌನ್‌ನ ಅಮ್ಮನಿಗೆ ಮಾತ್ರೆ ಆರ್ಡರ್ ಮಾಡಿದರೆ ಅರ್ಧ ಕೆಲಸವಾಯಿತು. ಪೊಟ್ಟಣ ಬಂದ ದಿನ ವಿಡಿಯೊ ಕರೆ ಮಾಡಿ, ‘ಅಮ್ಮಾ, ಸ್ಟ್ರಿಪ್ ತೋರಿಸು, ಬಿಲ್ ತೋರಿಸು’ ಎನ್ನಿ. ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗುವವರು ಉಂಟು.

ಅನುಮಾನ ಬಂದರೆ ಮಾತ್ರೆ, ಪೊಟ್ಟಣ, ಬಿಲ್ ಮೂರನ್ನೂ ಇಟ್ಟುಕೊಂಡು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಿ; ಕಚೇರಿ ಅರಮನೆ ರಸ್ತೆಯಲ್ಲಿದೆ. ಔಷಧದಿಂದ ಅಡ್ಡಪರಿಣಾಮವಾದರೆ 1800-180-3024ಕ್ಕೆ ತಿಳಿಸಬಹುದು. ದುಡ್ಡು ಕಟ್ಟಿಸಿಕೊಂಡು ಮಾಯವಾದವರ ಬಗ್ಗೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಗೆ, ಅಪಾರ್ಟ್‌ಮೆಂಟ್ ಸಂಘದವರಲ್ಲಿ ಒಂದು ಬೇಡಿಕೆ. ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಬಳ್ಳಾರಿ ರಸ್ತೆಯ ಟ್ರಾಫಿಕ್‌ನಲ್ಲಿ ಬೆಂದು ಬಂದ ಪೊಟ್ಟಣ ಮತ್ತೆ ಗೇಟಿನ ಸೆಕ್ಯೂರಿಟಿ ಮೇಜಿನ ಮೇಲೆ, ಏಪ್ರಿಲ್ ಬಿಸಿಲಿನಲ್ಲಿ, ಚಪ್ಪಲಿ ಡಬ್ಬಗಳ ಜೊತೆ ಸಂಜೆಯವರೆಗೆ ಕೂರುತ್ತದೆ. ಔಷಧದ ಪೊಟ್ಟಣ ಬಂದ ಕೂಡಲೇ ಮನೆಗೆ ಇಂಟರ್‌ಕಾಮ್ ಮಾಡಬೇಕು ಎಂದು ಕಾವಲಿನವರಿಗೆ ಹೇಳಿ. ಮನೆಯಲ್ಲಿ ಯಾರೂ ಇಲ್ಲದಾಗ ಇಡಲು ಕ್ಲಬ್‌ಹೌಸ್‌ನ ಫ್ರಿಜ್‌ನಲ್ಲಿ ಒಂದು ತಟ್ಟೆ ಬಿಟ್ಟುಕೊಡಿ. ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳ ಶುರುವಾಗುವ ಮೊದಲೇ ಇದನ್ನು ಎತ್ತಿದರೆ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.