ದೂರು ಬಾಸ್ ಮೇಲಿದ್ದರೆ ಕೇಳುವವರು ಯಾರು?

ನಮ್ಮ ದೊಡ್ಡಪ್ಪನ ಮಗಳು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು. ಬೆಳಗಿನ ಮೀಟಿಂಗ್‌ನಲ್ಲಿ ಇಡೀ ತಂಡದ ಎದುರು ಮ್ಯಾನೇಜರ್ ‘ನಿನಗೆ ಡಿಗ್ರಿ ಕೊಟ್ಟವರು ಯಾರು?’ ಎಂದು ಕೇಳುತ್ತಿದ್ದರಂತೆ. ಹಲವು ತಿಂಗಳು ಸಹಿಸಿಕೊಂಡು, ಕೊನೆಗೆ ಧೈರ್ಯ ಮಾಡಿ ಎಚ್‌ಆರ್‌ಗೆ ಮೇಲ್ ಬರೆದಳು. ಎರಡೇ ದಿನದಲ್ಲಿ ಆ ಮೇಲ್ ‘ನಿಮ್ಮ ಅಭಿಪ್ರಾಯಕ್ಕಾಗಿ’ ಎಂದು ಅದೇ ಮ್ಯಾನೇಜರ್ ಕೈ ಸೇರಿತು. ಆ ವರ್ಷದ ಅಪ್ರೈಸಲ್ ಬರೆದವರೂ ಅವರೇ. ಮೂರು ತಿಂಗಳಲ್ಲಿ ಅಕ್ಕ ಕೆಲಸ ಬಿಟ್ಟಳು.

ಮ್ಯಾನೇಜರ್ ಕಡೆಯಿಂದಲೂ ಹೇಳಲು ಏನಾದರೂ ಇದ್ದಿರಬಹುದು. ಅದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ವಿಚಾರಣೆಯೇ ನಡೆಯಲಿಲ್ಲ. ಮುಂದಿನ ವರ್ಷ ಪ್ಲೇಸ್‌ಮೆಂಟ್‌ಗೆ ಕೂರಬೇಕಾದ ನನ್ನನ್ನು ಈ ಪ್ರಶ್ನೆ ಕಾಡುತ್ತಿದೆ: ಅಧಿಕಾರದಲ್ಲಿರುವವರ ಮೇಲೆ ದೂರು ಬಂದಾಗ ಎರಡೂ ಕಡೆಯವರಿಗೆ ನ್ಯಾಯ ಸಿಗುವಂತೆ ವಿಚಾರಿಸುವುದು ಹೇಗೆ?

ಬ್ರಿಟನ್ ಸರ್ಕಾರದ ಎರಡು ಪ್ರಕರಣಗಳು ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಸಚಿವರ ನಡವಳಿಕೆ ಕುರಿತ ಕೊನೆಯ ತೀರ್ಮಾನ ಪ್ರಧಾನಿಯದು. ಗೃಹ ಸಚಿವೆ ಪ್ರೀತಿ ಪಟೇಲ್ ಅಧಿಕಾರಿಗಳನ್ನು ನಡೆಸಿಕೊಂಡ ರೀತಿ, ಉದ್ದೇಶಪೂರ್ವಕ ಅಲ್ಲದಿದ್ದರೂ, ಕಿರುಕುಳ ಎನ್ನಬಹುದಾದದ್ದು ಎಂದು 2020ರಲ್ಲಿ ಸಲಹೆಗಾರ ಅಲೆಕ್ಸ್ ಅಲನ್ ವರದಿ ಕೊಟ್ಟರು. ಪ್ರಧಾನಿ ಬೋರಿಸ್ ಜಾನ್ಸನ್ ಅದನ್ನು ಒಪ್ಪಲಿಲ್ಲ. ಸಚಿವೆ ಹುದ್ದೆಯಲ್ಲೇ ಉಳಿದರು, ರಾಜೀನಾಮೆ ಕೊಟ್ಟವರು ವರದಿ ಬರೆದ ಅಲನ್!

ಎರಡು ವರ್ಷಗಳ ನಂತರ ಉಪ ಪ್ರಧಾನಿ ಡೊಮಿನಿಕ್ ರಾಬ್ ಮೇಲೆ ದೂರುಗಳು ಬಂದವು. ಪ್ರಧಾನಿ ರಿಷಿ ಸುನಕ್ ತನಿಖೆಯನ್ನು ಹೊರಗಿನ ವಕೀಲ ಆಡಂ ಟಾಲಿ ಅವರಿಗೆ ಒಪ್ಪಿಸಿದರು. ಅವರು 66 ಜನರನ್ನು ಮಾತನಾಡಿಸಿದರು, ರಾಬ್ ಅವರ ಉತ್ತರವನ್ನೂ ಕೇಳಿದರು. ಎಲ್ಲ ಆರೋಪಗಳನ್ನೂ ಎತ್ತಿ ಹಿಡಿಯಲಿಲ್ಲ. ಆದರೆ ವಿದೇಶಾಂಗ ಇಲಾಖೆಯ ಒಂದು ಸಭೆಯಲ್ಲಿ ರಾಬ್ ಬೆದರಿಸುವಂತೆ ನಡೆದುಕೊಂಡಿದ್ದರು, ನ್ಯಾಯ ಇಲಾಖೆಯಲ್ಲಿ ಟೀಕಿಸುವಾಗ ಅಗತ್ಯ ಮೀರಿ ಹೋಗಿದ್ದರು ಎಂದರು. ವರದಿ ಪ್ರಕಟವಾದ 2023ರ ಏಪ್ರಿಲ್ 21ರಂದೇ ರಾಬ್ ರಾಜೀನಾಮೆ ಕೊಟ್ಟರು.

ಹೋಗುವಾಗ ಅವರೊಂದು ಆಕ್ಷೇಪ ಎತ್ತಿದರು: ಕಿರುಕುಳದ ಅಳತೆಗೋಲನ್ನು ಇಷ್ಟು ಕೆಳಗಿಳಿಸಿದರೆ ಸಚಿವರು ಕೆಲಸ ಮಾಡಿಸುವುದು ಹೇಗೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗಡುವು ಕೇಳಿದ್ದೂ ಕಿರುಕುಳ ಎಂದಾದರೆ ಯಾವ ಕಚೇರಿಯೂ ನಡೆಯದು. ಆದರೆ ಇದರ ವ್ಯತ್ಯಾಸ ನಮಗೆಲ್ಲ ಗೊತ್ತು. ಲ್ಯಾಬ್ ರೆಕಾರ್ಡ್ ಸರಿಯಿಲ್ಲ, ಮತ್ತೆ ಬರೆದು ತನ್ನಿ ಎನ್ನುವ ಲೆಕ್ಚರರ್ ಶಿಸ್ತಿನವರು. ಅದನ್ನೇ ಇಡೀ ಬ್ಯಾಚ್ ಎದುರು ನೆಲಕ್ಕೆಸೆದು ಅಪ್ಪ-ಅಮ್ಮನ ಹೆಸರೆತ್ತಿ ಹಂಗಿಸಿದರೆ ಅದರಿಂದ ರೆಕಾರ್ಡ್ ಏನೂ ಸುಧಾರಿಸುವುದಿಲ್ಲ. ಟಾಲಿ ಹುಡುಕಿದ್ದೂ ಇಂಥ ಗೆರೆಯನ್ನೇ. ಅದು ಸಿಗಬೇಕಾದರೆ ‘ಅವರು ಕೆಟ್ಟವರು’ ಎಂಬ ಮಾತು ಸಾಲದು. ಯಾವ ದಿನ, ಯಾವ ಸಭೆ, ಯಾವ ಮಾತು ಎಂಬ ವಿವರ ಬೇಕು. ಆ ವಿವರ ಆರೋಪಿಗೂ ತಿಳಿಯಬೇಕು, ಇಲ್ಲದಿದ್ದರೆ ಅವರು ಉತ್ತರ ಕೊಡುವುದಾದರೂ ಯಾವುದಕ್ಕೆ?

ನಮ್ಮಲ್ಲಿ ಇಂಥ ವ್ಯವಸ್ಥೆಯ ಮಾದರಿ ಆಗಲೇ ಇದೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಕಚೇರಿಯ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಮಾಲೀಕರ ಮೇಲೆಯೇ ದೂರಿದ್ದರೆ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಆರೋಪಿಯು ದೂರುದಾರೆಯ ಕೆಲಸದ ಮೌಲ್ಯಮಾಪನ ಬರೆಯದಂತೆ ತಡೆಯಲು ನಿಯಮವಿದೆ. ದುರುದ್ದೇಶದ ಸುಳ್ಳು ದೂರಿಗೆ ಕ್ರಮವುಂಟು. ಆದರೆ ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಸುಳ್ಳಾಗುವುದಿಲ್ಲ. ಇಬ್ಬರ ಹಿತವನ್ನೂ ಕಾಯುವ ಈ ನಿಯಮಗಳು ಲೈಂಗಿಕ ಕಿರುಕುಳಕ್ಕಷ್ಟೇ ಸೀಮಿತ. ಅಕ್ಕ ಅನುಭವಿಸಿದಂಥ ಅವಮಾನಕ್ಕೆ ಪ್ರತ್ಯೇಕ ಕಾಯ್ದೆಯಿಲ್ಲ.

2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯು 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಲ್ಲಿ ಕುಂದುಕೊರತೆ ಸಮಿತಿ ಇರಬೇಕು ಎನ್ನುತ್ತದೆ. ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಅದರಲ್ಲಿ ಸಮಸಂಖ್ಯೆಯಲ್ಲಿರುತ್ತಾರೆ. ಇದು ಒಳ್ಳೆಯ ಹೆಜ್ಜೆಯೇ. ಹಿರಿಯ ಅಧಿಕಾರಿಗಳ ಮೇಲಿನ ದೂರಿಗೆ ಹೊರಗಿನ ಒಬ್ಬ ಸದಸ್ಯರನ್ನೂ ಸೇರಿಸಿದರೆ ಜನ ಅದನ್ನು ನಂಬಿ ಬರುತ್ತಾರೆ.

ಕಾಲೇಜಿನಲ್ಲಿ ನಾವು ಪ್ರತಿ ವರ್ಷ ರ‍್ಯಾಗಿಂಗ್ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡುತ್ತೇವೆ. ಸೀನಿಯರ್ ಕಾಡಿದರೆ ಹೇಳಿಕೊಳ್ಳಲು ಸಮಿತಿಯಿದೆ, ಸಹಾಯವಾಣಿಯಿದೆ. ಕಚೇರಿಯ ಸೀನಿಯರ್‌ ವಿಷಯಕ್ಕೂ ಅಷ್ಟಾದರೂ ಬೇಡವೇ?

ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿಯವರು ಮಾತು ಮುಗಿಸಿ ‘ಪ್ರಶ್ನೆಗಳಿವೆಯೇ?’ ಎನ್ನುತ್ತಾರೆ. ನಾವು ಪ್ಯಾಕೇಜ್, ಬಾಂಡ್, ಊರು ಯಾವುದು ಎಂದಷ್ಟೇ ಕೇಳುತ್ತೇವೆ. ಈ ಸಲ ಇನ್ನೊಂದನ್ನೂ ಕೇಳೋಣ: ‘ನನ್ನ ಮ್ಯಾನೇಜರ್ ಮೇಲೆಯೇ ದೂರಿದ್ದರೆ ಅದನ್ನು ಓದುವವರು ಯಾರು?’