ಚಂದಾ ಮತ್ತು ಬಾಡಿಗೆ

ಮೊನ್ನೆ ಸಂಜೆ ಸದಾಶಿವನಗರದ ನಮ್ಮ ಮನೆಯಲ್ಲಿ ಮಗನು ಬಳಿಗೆ ಬಂದು, “ಅಪ್ಪಾ, ಈ ತಿಂಗಳ ಚಂದಾ ತುಂಬದಿದ್ರ ನನ್ನ ಆಟ ತೆರೆಯೂದಿಲ್ಲ” ಎಂದನು. ಎಲ್ಲಿಯೋ ದೂರದ ಗಣಕಯಂತ್ರದಲ್ಲಿ ನಡೆಯುವ ವಿಡಿಯೋ ಆಟವು ಅಂತರಜಾಲದ ಮೂಲಕ ಅವನ ಮೊಬೈಲಿನ ಪರದೆಗೆ ಹರಿದು ಬರುತ್ತದೆ. ಮನೆಯಲ್ಲಿ ಬೆಲೆಬಾಳುವ ಯಂತ್ರ ಬೇಕಿಲ್ಲ. ತಿಂಗಳಿಗಿಷ್ಟು ಹಣ ತೆತ್ತರೆ ಸಾಕು. ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಆಟವಲ್ಲ, ‘ಚಂದಾ’ ಎಂಬ ಆ ಮಾತು.

ಕನ್ನಡಿಗರಿಗೆ ಚಂದಾ ಹೊಸದಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ಬೆಳೆದ ಸಂಸ್ಥೆ. ಚಂದಾ ತೆತ್ತ ಮನೆಗೆ ಬಂದ ಪುಸ್ತಕ ಆ ಮನೆಯದೇ ಆಗುತ್ತಿತ್ತು. ಮರುವರ್ಷ ಹಣ ಕಳುಹಿಸದಿದ್ದರೆ ಹೊಸ ಪುಸ್ತಕ ಬಾರದು, ನಿಜ. ಆದರೆ ಕಪಾಟಿನಲ್ಲಿದ್ದ ಹಳೆಯ ಪುಸ್ತಕವನ್ನು ಮರಳಿ ಒಯ್ಯಲು ಯಾರೂ ಬರುತ್ತಿರಲಿಲ್ಲ.

ಇಂದಿನ ಆಟದ ಚಂದಾ ಹಾಗಲ್ಲ. ಅದರಲ್ಲಿ ಹಲವು ಬಗೆಗಳಿವೆ. ಮೈಕ್ರೋಸಾಫ್ಟಿನ ಗೇಮ್ ಪಾಸ್ ಒಂದು ಚಂದಾಕ್ಕೆ ನೂರಾರು ಆಟಗಳನ್ನು ತೆರೆದಿಡುತ್ತದೆ. ಅದರ ಅಲ್ಟಿಮೇಟ್ ದರ್ಜೆಯ ತಿಂಗಳ ದರವು 2025ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ 19.99 ಡಾಲರಿನಿಂದ ಒಮ್ಮೆಲೇ 29.99 ಡಾಲರಿಗೆ ಏರಿತು. ಎನ್ವಿಡಿಯಾದ ಜಿಫೋರ್ಸ್ ನೌ ಸೇವೆಯಲ್ಲಿ ಆಟವನ್ನು ಬೇರೆಡೆ ಕೊಂಡಿರಬೇಕು. ಯಂತ್ರ ಮಾತ್ರ ಅವರದು. ಅಲ್ಲಿ 2025ರ ಜನವರಿಯಿಂದ ಹೊಸ ಚಂದಾದಾರರಿಗೆ ತಿಂಗಳಿಗೆ 100 ಗಂಟೆಗಳ ಮಿತಿ ಬಂದಿತು. ಆಟಗಳನ್ನು ಬಿಡಿಬಿಡಿಯಾಗಿಯೂ ಮಾರಿದ ಗೂಗಲ್‌ನ ಸ್ಟೇಡಿಯಾ 2019ರ ನವೆಂಬರಿನಲ್ಲಿ ತೆರೆದು 2023ರ ಜನವರಿ 18ರಂದು ಮುಚ್ಚಿತು. ಆಟ ಕೊಂಡವರಿಗೆ ಹಣ ಮರಳಿತು. ಅದು ಮೆಚ್ಚತಕ್ಕ ನಡತೆಯೇ. ಆದರೆ ‘ಕೊಂಡ’ ವಸ್ತು ಮಾತ್ರ ಕೈಯಲ್ಲಿ ಉಳಿಯಲಿಲ್ಲ.

ಬಾಡಿಗೆಯೇ ತಪ್ಪೆಂದು ನಾನು ಹೇಳಲಾರೆ. ಖಾನಾಪುರದ ಹಳ್ಳಿಯಿಂದ ಬಂದು ಓದುವ ಹುಡುಗನು ದುಬಾರಿ ಯಂತ್ರವನ್ನು ಎಲ್ಲಿಂದ ತಂದಾನು? ಸ್ವಂತಕ್ಕೆ ಪುಸ್ತಕ ಕೊಳ್ಳಲಾಗದ ಎಷ್ಟೋ ಮಂದಿ ವಾಚನಾಲಯದಿಂದಲೇ ವಿದ್ಯಾವಂತರಾಗಿಲ್ಲವೇ? ಆದರೆ ವಾಚನಾಲಯವು ಪುಸ್ತಕ ಕೊಡುವಾಗ ‘ಇದು ನಿನ್ನದು’ ಎನ್ನುವುದಿಲ್ಲ. ಹಿಂದಿರುಗಿಸುವ ದಿನವನ್ನು ಮೊದಲೇ ಮುದ್ರೆಯೊತ್ತಿ ಕೊಡುತ್ತದೆ.

ನಾನು ಬಯಸುವುದು ಅಷ್ಟೇ ಪ್ರಾಮಾಣಿಕತೆಯನ್ನು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಗೆ ಬಂದಿದೆ: ಡಿಜಿಟಲ್ ಸರಕಿನ ಬಳಕೆಗೆ ಬರಿಯ ಪರವಾನಗಿ ಕೊಡುವವರು, ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂದು ಬರೆಯಕೂಡದು. ಚಂದಾ ಇರುವಷ್ಟು ಕಾಲ ಮಾತ್ರ ದೊರೆಯುವ ಆಟಗಳಿಗೆ ಆ ಕಾನೂನು ತಗಲದು. ಆದರೂ ಅದರ ನೀತಿ ಅಲ್ಲಿಗೂ ಸಲ್ಲಬೇಕೆಂಬುದು ನನ್ನ ಅಭಿಮತ. ದರ ಎಷ್ಟು ಕಾಲ ಸ್ಥಿರ, ಗಂಟೆ ಎಷ್ಟು, ಚಂದಾ ನಿಂತ ಮೇಲೆ ಉಳಿಯುವುದೇನು ಎಂಬ ಮೂರು ಸಂಗತಿಗಳನ್ನು ಹಣ ಕೇಳುವ ಮೊದಲೇ, ನಮ್ಮ ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಬರೆದು ತೋರಿಸಲಿ. ಮಾತು ತನ್ನ ಅರ್ಥವನ್ನು ಕಳೆದುಕೊಂಡಲ್ಲಿ ವ್ಯಾಪಾರವೂ ನೇರವಾಗಿ ಉಳಿಯದು.

ಮಗನಿಗೆ ಹಣವನ್ನೇನೋ ಕೊಟ್ಟೆ. ಕೊಡುವಾಗ, “ಇದು ಚಂದಾ ಅಲ್ಲಪಾ, ಬಾಡಿಗಿ” ಎಂದೆ.